ಆಫೀಸು ಮನೆಯಾದಾಗ ಕೇಳುವವರು ಯಾರು?

(ಲಂಡನ್ ಸುತ್ತಮುತ್ತಲಿನ ಕನ್ನಡಿಗರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಕೋಡ್ ಬರೆಯುವವನು, ಪ್ಲಾನಿಂಗ್ ವಕೀಲನಲ್ಲ. ಆದರೂ ಈ ವಿಷಯ ಎತ್ತಿಕೊಂಡಿದ್ದೇನೆ. ಊರಿಂದ ಹೊಸದಾಗಿ ಬರುವ ನಮ್ಮ ಹುಡುಗ ಹುಡುಗಿಯರು "ಸ್ಟೇಷನ್ನಿಗೆ ಹತ್ತಿರ, ಬಾಡಿಗೆ ಪರವಾಗಿಲ್ಲ" ಅಂತ ಹಿಡಿಯುವ ಮನೆಗಳಲ್ಲಿ ಎಷ್ಟೋ ಮನೆಗಳು ಮೊದಲು ಆಫೀಸುಗಳಾಗಿದ್ದವು. ನಾನು ನೋಡಿದ ಒಂದು ಫ್ಲ್ಯಾಟಿನಲ್ಲಿ ಕಿಟಕಿ ತೆರೆಯುತ್ತಲೇ ಇರಲಿಲ್ಲ. ಒಗ್ಗರಣೆ ಹಾಕಿದರೆ ಘಾಟು ಮೂರು ದಿನ ಒಳಗೇ!

ಇದು ಹೇಗೆ ಶುರುವಾಯಿತು ನೋಡಿ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸರ್ಕಾರ, ಆಫೀಸನ್ನು ಮನೆಯಾಗಿಸಲು ಪೂರ್ಣ ಪ್ಲಾನಿಂಗ್ ಅನುಮತಿ ಬೇಡ ಎಂದಿತು. ಮೂರು ವರ್ಷಕ್ಕೆಂದು ತಂದದ್ದನ್ನು 2016ರಲ್ಲಿ ಕಾಯಂ ಮಾಡಿದರು. ಇದಕ್ಕೆ ಪರ್ಮಿಟೆಡ್ ಡೆವಲಪ್‌ಮೆಂಟ್ ಎನ್ನುತ್ತಾರೆ. ಮಾಲೀಕರು ಕೌನ್ಸಿಲ್‌ಗೆ "ಪ್ರಯರ್ ಅಪ್ರೂವಲ್" ಅರ್ಜಿ ಹಾಕಬೇಕು, ಅಷ್ಟೆ. ಕೌನ್ಸಿಲ್ ನೋಡಬಹುದಾದದ್ದು ಸಂಚಾರ, ನೆರೆ, ಮಣ್ಣಿನ ಮಾಲಿನ್ಯದಂಥ ಕೆಲವೇ ಸಂಗತಿ. 56 ದಿನದಲ್ಲಿ ಉತ್ತರ ಕೊಡದಿದ್ದರೆ ಕೆಲಸ ಶುರು ಮಾಡಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಟೆಸ್ಟಿಂಗ್ ಇಲ್ಲದೆ ನೇರ ಪ್ರೊಡಕ್ಷನ್!

ಫಲ ಏನಾಯಿತು? ಸರ್ಕಾರವೇ ಮಾಡಿಸಿದ ಯೂನಿವರ್ಸಿಟಿ ಕಾಲೇಜ್ ಲಂಡನ್ ಮತ್ತು ಲಿವರ್‌ಪೂಲ್ ವಿಶ್ವವಿದ್ಯಾಲಯದವರ ಅಧ್ಯಯನ 2020ರಲ್ಲಿ ಬಂತು. ಹೀಗೆ ಮಾಡಿದ ಮನೆಗಳಲ್ಲಿ ರಾಷ್ಟ್ರೀಯ ವಿಸ್ತೀರ್ಣದ ಅಳತೆಗೆ ಸರಿಹೊಂದಿದ್ದು 22.1% ಮಾತ್ರ. ಪೂರ್ಣ ಅನುಮತಿ ಪಡೆದು ಪರಿವರ್ತಿಸಿದ ಮನೆಗಳಲ್ಲಿ ಅದು 73.4%. ಆ ಅಳತೆಯೇನೂ ಅರಮನೆಯದಲ್ಲ ಸ್ವಾಮಿ. ಒಬ್ಬರಿಗೆ 37 ಚದರ ಮೀಟರ್, ಅಂದರೆ ಸುಮಾರು 400 ಚದರ ಅಡಿ. ಬೆಂಗಳೂರಿನ 20x30 ಸೈಟಿನ ಮೂರನೇ ಎರಡು ಭಾಗ. ಅದೂ ಸಿಗಲಿಲ್ಲ. ಹಾರ್ಲೋ ಊರಿನ ಟರ್ಮಿನಸ್ ಹೌಸ್ ಎಂಬ ಹಳೇ ಆಫೀಸ್ ಗೋಪುರಕ್ಕೆ ಲಂಡನ್ನಿನ ಕೌನ್ಸಿಲ್‌ಗಳು ಮನೆಯಿಲ್ಲದ ಸಂಸಾರಗಳನ್ನು ಕಳಿಸಿದ ಸುದ್ದಿ ನಿಮಗೆ ನೆನಪಿರಬಹುದು.

ಆಮೇಲೆ ಸ್ವಲ್ಪ ತಿದ್ದಿದರು. 2020ರ ಆಗಸ್ಟ್‌ನಿಂದ ವಾಸದ ಕೋಣೆಗಳಿಗೆ ಸಹಜ ಬೆಳಕು ಕಡ್ಡಾಯ, 2021ರ ಏಪ್ರಿಲ್‌ನಿಂದ ವಿಸ್ತೀರ್ಣದ ಅಳತೆಯೂ ಕಡ್ಡಾಯ. ಆದರೆ ಅದೇ 2021ರ ಆಗಸ್ಟ್‌ನಲ್ಲಿ ಬಾಗಿಲು ಇನ್ನೂ ಅಗಲವಾಯಿತು. ಕ್ಲಾಸ್ ಎಂಎ ಬಂದು ಅಂಗಡಿ, ಜಿಮ್, ಕ್ಲಿನಿಕ್ ಎಲ್ಲ ಸೇರಿದವು. 1,500 ಚದರ ಮೀಟರ್ ಮಿತಿ, ಮೂರು ತಿಂಗಳು ಖಾಲಿ ಇರಬೇಕೆಂಬ ಷರತ್ತು 2024ರ ಮಾರ್ಚ್‌ನಲ್ಲಿ ಹೋದವು. ಅಂದರೆ ನಡೆಯುತ್ತಿರುವ ಅಂಗಡಿಯನ್ನೂ ಎಬ್ಬಿಸಿ ಮನೆ ಮಾಡಬಹುದು.

ಮನೆ ಬೇಡ ಅಂತ ನಾನು ಹೇಳುತ್ತಿಲ್ಲ. ಕೋವಿಡ್ ನಂತರ ಖಾಲಿ ಬಿದ್ದ ಆಫೀಸಿನಲ್ಲಿ ಜನ ವಾಸಿಸುವುದು ಒಳ್ಳೆಯದೇ. ನನ್ನ ತಕರಾರು, ಅಗ್ಗದ ಮನೆಗಳ ಪಾಲನ್ನು ಕೇಳುವ ಹಕ್ಕನ್ನು ಕೌನ್ಸಿಲ್ ಕೈಯಿಂದ ಕಿತ್ತುಕೊಂಡದ್ದಕ್ಕೆ. (ಬೆಂಗಳೂರಿನಲ್ಲಿ ಇದು ತಿರುವುಮುರುವು. ಇಂದಿರಾನಗರ, ಕೋರಮಂಗಲದವರು ಮನೆಗಳು ಅಂಗಡಿಯಾಗುವುದರ ವಿರುದ್ಧ ಹೋರಾಡುತ್ತಾರೆ. ಇರಲಿ.)

ಕೌನ್ಸಿಲ್‌ಗೆ ಉಳಿದಿರುವ ಒಂದು ಅಸ್ತ್ರ ಆರ್ಟಿಕಲ್ 4. ಇದನ್ನು ಹೊರಡಿಸಿದ ಪ್ರದೇಶದಲ್ಲಿ ಮತ್ತೆ ಪೂರ್ಣ ಅನುಮತಿ ಬೇಕಾಗುತ್ತದೆ. ಕ್ರಾಯ್ಡನ್ ತನ್ನ ಪಟ್ಟಣದ ಮಧ್ಯಭಾಗಕ್ಕೆ 2015ರಲ್ಲೇ ಇದನ್ನು ಮಾಡಿತು. ನಿಮ್ಮ ಕೌನ್ಸಿಲ್ ಮಾಡಿದೆಯೇ? ಕೇಳಿ. ನಿಮ್ಮ ಬೀದಿಯಲ್ಲಿ ಪ್ರಯರ್ ಅಪ್ರೂವಲ್ ನೋಟಿಸ್ ಕಂಡರೆ ಅಭಿಪ್ರಾಯ ತಿಳಿಸಲು ಕನಿಷ್ಠ 21 ದಿನ ಇರುತ್ತದೆ. ಬರೆಯುವಾಗ "ಚೆನ್ನಾಗಿಲ್ಲ" ಅಂದರೆ ಕಸದ ಬುಟ್ಟಿಗೆ. ಬೆಳಕು, ಶಬ್ದ, ಸಂಚಾರ, ನೆರೆ ಇವುಗಳ ಬಗ್ಗೆ ಬರೆಯಿರಿ.

ಇನ್ನೊಂದು ಮಾತು. ಆರ್ಟಿಕಲ್ 4 ತರುವುದು ಕೌನ್ಸಿಲ್, ಕೌನ್ಸಿಲರ್‌ನನ್ನು ಆರಿಸುವುದು ಮತದಾರ. ಭಾರತದ ಪಾಸ್‌ಪೋರ್ಟ್ ಇದ್ದರೂ, ಕಾಮನ್‌ವೆಲ್ತ್ ಪ್ರಜೆಗಳಾಗಿ, ವೀಸಾದ ಮೇಲೆ ಇಲ್ಲಿ ವಾಸವಿರುವ ನಮಗೂ ಮತದ ಹಕ್ಕಿದೆ. ನಮ್ಮವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಬಾಗಿಲ ಹತ್ತಿರ ಲ್ಯಾಪ್‌ಟಾಪ್ ಇಟ್ಟಿದ್ದೇನೆ. ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಲಿದ್ದರೆ ಐದು ನಿಮಿಷದ ಕೆಲಸ. ಬಿಸಿಬೇಳೆ ಬಾತಿನ ಸಾಲಿಗೆ ನಿಲ್ಲುವ ಮುಂಚೆ ಮುಗಿಸಿಬಿಡಿ.