ಬೊಜ್ಜು: ತೂಕ ಒಂದನ್ನೇ ನಂಬಬಾರದು

(ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಸಂಘದಲ್ಲಿ ಲೀಟರ್ ಒಂದನ್ನೇ ನೋಡಿ ದರ ಕಟ್ಟುವುದಿಲ್ಲ. ಸ್ಯಾಂಪಲ್ ತೆಗೆದು ಫ್ಯಾಟು, ಎಸ್‌ಎನ್‌ಎಫ್ ನೋಡುತ್ತೇವೆ. ಎರಡು ಕ್ಯಾನ್ ಹಾಲು ಕಣ್ಣಿಗೆ ಒಂದೇ ಥರ, ಅಳತೆಯೂ ಒಂದೇ, ಒಳಗಿರುವುದು ಬೇರೆ. ಮನುಷ್ಯರ ಬೊಜ್ಜಿನ ವಿಚಾರವೂ ಹೀಗೇ ಅಂತ ವಿಜ್ಞಾನಿಗಳು ಹೇಳುತ್ತಾರೆ.

2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರದೇ ಲೆಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರಿಗೂ 22.3. ಆದರೆ ಮೈಯೊಳಗಿನ ಕೊಬ್ಬು ಲಂಡನ್ನಿನವರಿಗೆ ಶೇ. 9.1, ನಮ್ಮ ದೇಶದವರಿಗೆ ಶೇ. 21.2!

ಇದು ಹುಟ್ಟಿನಿಂದಲೇ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅದೇ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ಹುಟ್ಟಿದ ಕೂಸುಗಳನ್ನು ಅಳೆದು ನೋಡಿದರು. ಇಂಗ್ಲೆಂಡಿನ ಕೂಸುಗಳಿಗಿಂತ ತೂಕ ಕಮ್ಮಿ, ಆದರೆ ಬೆನ್ನಿನ ಕೊಬ್ಬು ಅಷ್ಟೇನೂ ಕಮ್ಮಿ ಇರಲಿಲ್ಲ.

ಹಾಗಾದರೆ ಒಳಗಿನದನ್ನು ನೋಡುವುದು ಹೇಗೆ? ಕರು ಹಾಕಿದ ಹೊಸದರಲ್ಲಿ ಹಸು ಮೇವು ಬಿಟ್ಟರೆ ಡಾಕ್ಟರು ಗಂಜಲ ಪರೀಕ್ಷೆ ಮಾಡಿ ಕೀಟೋಸಿಸ್ ಅನ್ನುತ್ತಾರೆ. ಮೈಕೊಬ್ಬು ಕರಗಿ ಕೀಟೋನ್ ಎಂಬ ವಸ್ತು ರಕ್ತಕ್ಕೆ, ಗಂಜಲಕ್ಕೆ ಬಂದಿರುತ್ತದೆ. ತಿಂದದ್ದು ಅರಗಿ, ಉರಿದು, ಉಳಿಯುವ ಇಂಥ ಸಣ್ಣ ವಸ್ತುಗಳಿಗೆ ಮೆಟಬೊಲೈಟ್ ಅಂತ ಹೆಸರು. ಮೆಟಬಾಲೊಮಿಕ್ಸ್ ಎಂಬ ಶಾಸ್ತ್ರ ಸ್ವಲ್ಪ ರಕ್ತದಲ್ಲೇ ಇಂಥ ನೂರಾರನ್ನು ಒಟ್ಟಿಗೆ ಅಳೆಯುತ್ತದೆ. ಅದಕ್ಕೆ ಬೇಕಾದ ಯಂತ್ರಗಳು ನಮ್ಮ ಜಿಕೆವಿಕೆ ಆವರಣದ ಸಿ-ಕ್ಯಾಂಪ್ ಸಂಸ್ಥೆಯಲ್ಲೇ ಇವೆ.

ಇದರಿಂದ ಏನು ತಿಳಿಯಿತು? ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ ಸಕ್ಕರೆ ಕಾಯಿಲೆ ಇಲ್ಲದ 2,422 ಜನರನ್ನು 12 ವರ್ಷ ಗಮನಿಸಿದರು. 201 ಜನಕ್ಕೆ ಕಾಯಿಲೆ ಬಂತು. ಹಳೆಯ ರಕ್ತ ತೆಗೆದು ನೋಡಿದರೆ, ಲ್ಯೂಸಿನ್, ವ್ಯಾಲಿನ್ ಮುಂತಾದ ಐದು ಅಮೈನೋ ಆಮ್ಲಗಳು ಅವರಲ್ಲಿ ಮೊದಲೇ ಹೆಚ್ಚಿದ್ದವು. ಇದು ಪ್ರಕಟವಾದದ್ದು 2011ರಲ್ಲಿ. ಬೊಜ್ಜಿನವರ ರಕ್ತದಲ್ಲೂ ಇವು ಹೆಚ್ಚು. ಇವು ಹಾಲಿನಲ್ಲೂ ಇವೆ, ಹಾಗಂತ ಯಾರೂ ಹಾಲು ಬಿಡಬೇಕಾಗಿಲ್ಲ. ಮೈ ಇವನ್ನು ಸರಿಯಾಗಿ ಉರಿಸದೆ ಇರುವುದೂ ಇದಕ್ಕೆ ಕಾರಣ. 2018ರ ಇನ್ನೊಂದು ಅಧ್ಯಯನದಲ್ಲಿ ತೆಳ್ಳಗಿರುವ ಕೆಲವರ ರಕ್ತವೂ ಬೊಜ್ಜಿನವರ ರಕ್ತದ ಹಾಗೇ ಕಂಡಿತು.

ಬಂಧುಗಳೇ, ನಮಗೆ ಮುಖ್ಯವಾದದ್ದು ಇದೇ. ನಮ್ಮ ಹಿರಿಯರು ಮುದ್ದೆ ಉಂಡು ದಿನವಿಡೀ ಗೇದರು. ಮತ್ತಿಕೆರೆ ಸುತ್ತಲ ಹೊಲಗಳು ಲೇಔಟಾದವು, ಗೇಯ್ಮೆ ಹೋಯಿತು, ಉಣ್ಣುವುದು ಉಳಿಯಿತು. 2023ರ ಐಸಿಎಂಆರ್ ವರದಿಯಂತೆ ದೇಶದ ದೊಡ್ಡವರಲ್ಲಿ ಶೇ. 39.5 ಜನಕ್ಕೆ ಹೊಟ್ಟೆಯ ಬೊಜ್ಜು. "ನಾನು ಸಣ್ಣಗಿದೀನಿ, ನನಗೇನು ಬರುತ್ತೆ" ಅನ್ನುವವರೇ ಪರೀಕ್ಷೆಗೆ ಹೋಗುವುದಿಲ್ಲ. ಕಾಲಿನ ಗಾಯ ಮಾಯದೆ ಹೋದಾಗ ಗೊತ್ತಾಗುತ್ತದೆ. ಇನ್ನೊಂದು ಮಾತು, ದಪ್ಪಗಿರುವವರನ್ನು ತಿಂಡಿಪೋತರೆಂದು ಆಡಿಕೊಳ್ಳುವುದು ಬೇಡ. ಒಬ್ಬೊಬ್ಬರ ಮೈ ಉರಿಸುವ ಬಗೆ ಒಂದೊಂದು ಥರ.

ಈ ದೊಡ್ಡ ಪರೀಕ್ಷೆ ಇನ್ನೂ ಸಂಶೋಧನೆಯ ಹಂತದಲ್ಲಿದೆ, ಅದಕ್ಕೆ ಕಾಯಬೇಕಾಗಿಲ್ಲ. ಒಂದು ಟೇಪು ಸಾಕು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮುಟ್ಟಿದರೆ ಎಚ್ಚರಿಕೆ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ಪರೀಕ್ಷೆ ಉಚಿತ. ಸಂಘದ ಕಟ್ಟಡದಲ್ಲಿ ಹಾಲಿನ ತಕ್ಕಡಿ ಪಕ್ಕ ಒಂದು ಟೇಪು ತೂಗುಹಾಕಬೇಕೆಂದೂ, ವರ್ಷಕ್ಕೊಂದು ಸಾರಿ ರಕ್ತಪರೀಕ್ಷೆ ಶಿಬಿರ ನಡೆಸಬೇಕೆಂದೂ ಆಡಳಿತ ಮಂಡಳಿಯನ್ನು ಕೇಳಿಕೊಳ್ಳುತ್ತೇವೆ. ಕೊಟ್ಟಿಗೆ ಕೆಲಸ ಬಿಟ್ಟು ಬರಲಾಗದ ಹೆಂಗಸರನ್ನು ಮೊದಲು ಕರೆತರಬೇಕು. ಹಸುವಿಗೆ ಡಾಕ್ಟರನ್ನು ಕರೆಸುವ ನಾವು ಮನೆಯವರಿಗೂ ಅಷ್ಟು ಮಾಡೋಣ.