ಹಂಚುವ ಮೊದಲು ವಿಚಾರಿಸಿರಿ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ ಶಾಂತಿ, ಕೃಪೆ ಇರಲಿ.

ಮಾನ್ಯ ಸಹೋದರರೇ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನಮ್ಮ ಎಷ್ಟೋ ಮನೆಗಳ ಮಕ್ಕಳು ಓದಿಗೆ, ದುಡಿಮೆಗೆ ಬೆಂಗಳೂರು, ಮಂಗಳೂರು, ಗೋವಾ ಸೇರಿದ್ದಾರೆ. ಮನೆಯಿಂದ ದೂರವಿರುವ ಅವರಿಗೆ ಮೊಬೈಲೇ ಜೊತೆಗಾರ. ಆದ್ದರಿಂದ ಇಂದು ಅದರ ಬಗ್ಗೆಯೇ ಮಾತು.

2014ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಯುವಕನೊಬ್ಬನ ಬಂಧನವಾಯಿತು. 'ಶಮಿ ವಿಟ್ನೆಸ್' ಎಂಬ ಟ್ವಿಟರ್ ಖಾತೆಯಿಂದ ಐಸಿಸ್ ಪರ ಪ್ರಚಾರ ಮಾಡಿದನೆಂಬುದು ಆರೋಪ. ಬ್ರಿಟನ್ನಿನ ಚಾನಲ್ 4 ಅದನ್ನು ಬಯಲಿಗೆಳೆದಾಗ ಆ ಖಾತೆಗೆ 17,000ಕ್ಕೂ ಹೆಚ್ಚು ಅನುಯಾಯಿಗಳಿದ್ದರು.

ಇಂಥ ಗುಂಪುಗಳು ಮೊದಲೇ ಬಂದೂಕು ತೋರಿಸುವುದಿಲ್ಲ. ಮೊದಲು ರಕ್ತಸಿಕ್ತ ಮಗುವಿನ ಚಿತ್ರ ಬರುತ್ತದೆ. ಅದು ನಿಜವೂ ಇರಬಹುದು, ಬೇರೆಲ್ಲಿಯದೋ ಹಳೆಯದೂ ಇರಬಹುದು. ಕರುಳು ಚುರುಕ್ಕೆಂದು ಎರಡು ಸಲ ನೋಡಿದರೆ ಅಂಥದ್ದೇ ಇನ್ನೂ ಹತ್ತು ಬರುತ್ತವೆ. ಆಮೇಲೆ ಅಪರಿಚಿತನೊಬ್ಬ 'ನಿನಗೆ ರೋಷವಿಲ್ಲವೇ?' ಎಂದು ಕೆಣಕಿ ಟೆಲಿಗ್ರಾಂನಂತಹ ಮುಚ್ಚಿದ ಗುಂಪಿಗೆ ಕರೆಯುತ್ತಾನೆ. ಕೊನೆಗೆ 'ನಿಮ್ಮ ಆಲಿಮರು ಹೇಡಿಗಳು, ಮನೆಯಲ್ಲಿ ಹೇಳಬೇಡ' ಎನ್ನುತ್ತಾನೆ. ದೀನಿನ ಮಾತಾಗಿದ್ದರೆ ತಾಯಿಯಿಂದ ಮುಚ್ಚಿಡುವುದೇಕೆ? ಅಲ್ಲೇ ಗುರುತು ಹಿಡಿಯಿರಿ. ಆಲಿಮರು ಸುಮ್ಮನಿರಲಿಲ್ಲ, 2014ರಲ್ಲೇ ಜಗತ್ತಿನ 120ಕ್ಕೂ ಹೆಚ್ಚು ವಿದ್ವಾಂಸರು ಬಗ್ದಾದಿಗೆ ಬಹಿರಂಗ ಪತ್ರ ಬರೆದು ಐಸಿಸ್‌ನ ಕೃತ್ಯಗಳನ್ನು ಖಂಡಿಸಿದರು.

ಈ ವಿಷ ಎಲ್ಲರ ನಡುವೆಯೂ ಇದೆ. 2019ರ ಮಾರ್ಚ್ 15, ಶುಕ್ರವಾರ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಜುಮಾಕ್ಕೆ ಸೇರಿದ್ದವರ ಮೇಲೆ ಬಿಳಿಯ ಜನಾಂಗದ್ವೇಷಿಯೊಬ್ಬ ಗುಂಡು ಹಾರಿಸುತ್ತಾ ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ. 51 ಮಂದಿ ಶಹೀದರಾದರು. ಮೊದಲ 24 ಗಂಟೆಗಳಲ್ಲೇ ಆ ವೀಡಿಯೊದ 15 ಲಕ್ಷ ಪ್ರತಿಗಳನ್ನು ಫೇಸ್‌ಬುಕ್ ತೆಗೆದುಹಾಕಬೇಕಾಯಿತು. ಅದು ಹರಡಬೇಕೆಂಬುದೇ ಕೊಲೆಗಾರನ ಆಸೆಯಾಗಿತ್ತು. ಆದ್ದರಿಂದ ಖಂಡಿಸುವುದಕ್ಕೂ ಇಂಥವನ್ನು ಮುಂದೆ ಕಳಿಸಬೇಡಿರಿ.

ಬಂದ ಸುದ್ದಿಯನ್ನು ವಿಚಾರಿಸಬೇಕೆಂದು ಸೂರಃ ಅಲ್-ಹುಜುರಾತ್ ಆದೇಶಿಸುತ್ತದೆ (49:6). ಭಯದ ಸುದ್ದಿ ಸಿಕ್ಕೊಡನೆ ಹರಡುವವರನ್ನು ಸೂರಃ ಅನ್ನಿಸಾ ಎಚ್ಚರಿಸುತ್ತದೆ (4:83). ಒಬ್ಬ ನಿರಪರಾಧಿಯ ಕೊಲೆ ಇಡೀ ಮನುಕುಲದ ಕೊಲೆಗೆ ಸಮವೆಂದು ಸೂರಃ ಅಲ್-ಮಾಇದಃ ತಿಳಿಸುತ್ತದೆ (5:32).

ಹಿರಿಯರೇ, ಮಗ ಒಂಟಿಯಾಗಿ, ಸಿಟ್ಟಾಗಿ ಕಂಡರೆ ಮೊಬೈಲ್ ಕಸಿದುಕೊಂಡು ಬೈಯಬೇಡಿ. ಪಕ್ಕದಲ್ಲಿ ಕುಳಿತು ಕೇಳಿರಿ. ಯುವಕರೇ, ಮರ್ದಿತರಿಗಾಗಿ ಮರುಗುವುದು ತಪ್ಪಲ್ಲ. ಆ ಮರುಕವನ್ನು ದುಆದಲ್ಲಿ, ಸದಕಾದಲ್ಲಿ, ಕಾನೂನಿನೊಳಗಿನ ದನಿಯಲ್ಲಿ ತೋರಿಸಿರಿ. ಎಂಥ ಪ್ರಶ್ನೆಯಿದ್ದರೂ ಮಸೀದಿಗೆ ಬನ್ನಿ. ಕೇಳಿದ್ದಕ್ಕೆ ನಾವು ಸಂಶಯಪಡುವುದಿಲ್ಲ. ಆದರೆ ಯಾರಾದರೂ ಹಿಂಸೆಗೆ ಕರೆದರೆ ತಡಮಾಡದೆ ಮನೆಯವರಿಗೂ ಪೊಲೀಸರಿಗೂ ತಿಳಿಸಿರಿ. ಮುಚ್ಚಿಟ್ಟರೆ ನಾವು ಕಳೆದುಕೊಳ್ಳುವುದು ನಮ್ಮ ಮಕ್ಕಳನ್ನೇ.

ಅಲ್ಲಾಹು ನಮ್ಮ ಮಕ್ಕಳನ್ನೂ ನಮ್ಮ ನೆರೆಹೊರೆಯ ಎಲ್ಲರ ಮಕ್ಕಳನ್ನೂ ಕಾಪಾಡಲಿ. ಆಮೀನ್.