ಆಪರೇಷನ್ನಿನ ಹಿಂದಿನ ರಾತ್ರಿ

ಆಪರೇಷನ್‌ಗೆ ಕರೆದೊಯ್ಯುವ ಮೊದಲು ನರ್ಸ್ ಹೇಳುತ್ತಾರೆ, "ಬಳೆ, ತಾಳಿ ತೆಗೆದಿಡಿ ಅಮ್ಮಾ." ಗಾಜಿನ ಬಳೆ ಸುಲಭಕ್ಕೆ ಬರುವುದಿಲ್ಲ. ಸೋಪು ಹಚ್ಚಿ ಒಂದೊಂದಾಗಿ ಜಾರಿಸಬೇಕು. ಅಲ್ಲಿಯವರೆಗೆ ಗಟ್ಟಿಯಾಗಿದ್ದವರಿಗೂ ಆಗ ಕಣ್ಣು ತುಂಬಿಬರುತ್ತದೆ.

ಈ ಆಪರೇಷನ್ನಿಗೆ ಮೊದಲು, ಪ್ಯಾಪ್ ಸ್ಮಿಯರ್ ಪರೀಕ್ಷೆಯಲ್ಲಿ ಗರ್ಭಕೋಶದ ಬಾಯಿಯ ಜೀವಕೋಶಗಳು ಬದಲಾಗಿವೆ ಎನ್ನುತ್ತಾರೆ. ನಮ್ಮ ಕಿವಿಗೆ ಬೀಳುವುದು ಕ್ಯಾನ್ಸರ್ ಎಂಬ ಒಂದೇ ಮಾತು. ವೈದ್ಯರು ಹೇಳಿದ್ದು ಅದಲ್ಲ. ಇಂಥ ಬದಲಾವಣೆ ಎಷ್ಟೋ ಸಲ ತಾನಾಗಿಯೇ ಸರಿಹೋಗುತ್ತದೆ. ಕ್ಯಾನ್ಸರ್‌ಗೆ ತಿರುಗುವುದಿದ್ದರೂ ಸಾಮಾನ್ಯವಾಗಿ ವರ್ಷಗಟ್ಟಲೆ ಬೇಕು. ಅದಕ್ಕೂ ಮೊದಲೇ ತಡೆಯಲೆಂದೇ ಈ ಚಿಕಿತ್ಸೆ. ಲೀಪ್ ಎಂಬ ವಿಧಾನದಲ್ಲಿ ತೆಳು ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ತೆಗೆಯುತ್ತಾರೆ. ಗರ್ಭಕೋಶ ಹಾಗೇ ಉಳಿಯುತ್ತದೆ. ಹೆಚ್ಚಿನವರು ಅದೇ ದಿನ ಮನೆಗೆ ಮರಳುತ್ತಾರೆ.

ಇಷ್ಟು ತಿಳಿದ ಮೇಲೂ ಹಿಂದಿನ ರಾತ್ರಿ ನಿದ್ದೆ ಬಾರದಿರಬಹುದು. ಭಯದ ಜೊತೆಗೆ ನಾಚಿಕೆಯೂ ಇರುತ್ತದೆ. ಯಾರಿಗೆ ಹೇಳುವುದು, ಏನೆಂದು ಹೇಳುವುದು? ಜೀವಕೋಶಗಳ ಈ ಬದಲಾವಣೆಗೆ ಬಹುಮಟ್ಟಿಗೆ ಕಾರಣ ಎಚ್‌ಪಿವಿ ಎಂಬ ವೈರಸ್. ತೀರಾ ಸಾಮಾನ್ಯವಾದದ್ದು, ಎಷ್ಟೋ ವರ್ಷ ಸುಳಿವು ಕೊಡದೆ ಇರುವಂಥದ್ದು. ಅದನ್ನು ಹಿಡಿದು ಹೆಣ್ಣಿನ ನಡತೆಯನ್ನು ಅಳೆಯುವುದು ಶುದ್ಧ ಅನ್ಯಾಯ. ಅಕ್ಕನಿಗೋ ಗೆಳತಿಗೋ ಬಾಯಿಬಿಟ್ಟು ಹೇಳಿ. "ನಂಗೆ ಹೆದರಿಕೆ ಆಗ್ತಿದೆ, ಜೊತೆಗೆ ಬಾರೇ" ಅನ್ನಿ.

ವೈದ್ಯರ ಮುಂದೆ ಕೂತಾಗ ಕೇಳಬೇಕಾದದ್ದೆಲ್ಲ ಮರೆತುಹೋಗುತ್ತದೆ. ಇವತ್ತೇ ಚೀಟಿಯಲ್ಲಿ ಬರೆದಿಡಿ. ಅರಿವಳಿಕೆ ಯಾವುದು? ರಕ್ತ ಎಷ್ಟು ದಿನ ಹೋಗಬಹುದು? ಮುಂದೆ ಮಗು ಬೇಕೆಂದರೆ ಏನಾದರೂ ತೊಂದರೆಯೇ? ಮತ್ತೆ ತಪಾಸಣೆಗೆ ಯಾವಾಗ ಬರಬೇಕು? ಈ ಕೊನೆಯದರ ಕೆಳಗೆ ಒಂದು ಗೆರೆ ಎಳೆಯಿರಿ. ನೋವು ಹೋಯಿತೆಂದು ಆ ತಪಾಸಣೆಯನ್ನು ತಪ್ಪಿಸುವವರು ಬಹಳ.